ನಾಲ್ಕು ಸುವಾರ್ತೆ, ಒಂದು ಇಂಜೀಲ್

ಐದನೆಯ ಶತಮಾನದಲ್ಲಿ ಸಿರಿಯಾದ ಸಿರಸ್ ಪಟ್ಟಣದ ಬಿಷಪ್ ಆಗಿದ್ದ ಥಿಯೊಡೊರೆಟ್ ತನ್ನ ಆಡಳಿತದ ಚರ್ಚುಗಳಿಂದ ಒಂದು ಪುಸ್ತಕದ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಒಟ್ಟುಮಾಡಿ ಬಳಕೆಯಿಂದ ತೆಗೆಸಿದ. ಅದು ಧರ್ಮನಿಂದಕರು ಬರೆದ ಪುಸ್ತಕವಲ್ಲ, ಯೇಸುವಿನ ಚರಿತ್ರೆಯೇ. ಸುಮಾರು 170ರ ಹೊತ್ತಿಗೆ ತಾಟಿಯನ್ ಎಂಬಾತ ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರ ಸುವಾರ್ತೆಗಳನ್ನು ಎಳೆಎಳೆಯಾಗಿ ಬಿಡಿಸಿ, ಮತ್ತೆ ಹೆಣೆದು, ಒಂದೇ ಕಥನವಾಗಿ ಮಾಡಿದ್ದ. ಅದರ ಹೆಸರು ದಿಯಾತೆಸ್ಸರಾನ್. ಸಿರಿಯಾಕ್ ಭಾಷೆಯ ಕ್ರೈಸ್ತರು ಎರಡು ಶತಮಾನಕ್ಕೂ ಮಿಕ್ಕಿ ಆರಾಧನೆಯಲ್ಲಿ ಓದುತ್ತಿದ್ದದ್ದು ಇದನ್ನೇ. ಮತ್ತಾಯ ಕೊಡುವ ವಂಶಾವಳಿಗೂ ಲೂಕ ಕೊಡುವುದಕ್ಕೂ ಹೊಂದಿಕೆಯಿಲ್ಲವಷ್ಟೆ? ತಾಟಿಯನ್ ಎರಡನ್ನೂ ಕೈಬಿಟ್ಟಿದ್ದ. ಅದೇ ಥಿಯೊಡೊರೆಟನ ದೂರುಗಳಲ್ಲೊಂದು. ಎಡೆಸ್ಸಾದ ಬಿಷಪ್ ರಬ್ಬುಲನೂ ಅದೇ ಕಾಲದಲ್ಲಿ ಬಿಡಿಬಿಡಿಯಾದ ನಾಲ್ಕು ಸುವಾರ್ತೆಗಳೇ ಚರ್ಚುಗಳಲ್ಲಿ ಇರಬೇಕೆಂದು ಕಟ್ಟಪ್ಪಣೆ ಮಾಡಿದ. ವ್ಯತ್ಯಾಸಗಳನ್ನು ಒರೆಸಿಹಾಕಿದ ಸುವಾರ್ತೆಯೊಂದು ಕೈಯಲ್ಲಿದ್ದರೂ ಚರ್ಚು ತಿಳಿದೂ ತಿಳಿದೂ ಅದನ್ನು ಬಿಟ್ಟು, ಒಂದಕ್ಕೊಂದು ತಾಳೆಯಾಗದ ನಾಲ್ಕನ್ನು ಉಳಿಸಿಕೊಂಡಿತು.

ಸುವಾರ್ತೆಗಳ ವಿರೋಧಾಭಾಸಗಳ ಸುತ್ತ ಕ್ರೈಸ್ತರೂ ಮುಸ್ಲಿಮರೂ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಸಿದ ವಾದವನ್ನು ಓದುವಾಗ ಈ ಸಂಗತಿ ಮನಸ್ಸಿನಲ್ಲಿರಬೇಕು. ಸಾಮಾನ್ಯವಾಗಿ ಈ ವಾದವನ್ನು, ಒಬ್ಬರು ತಪ್ಪು ಹುಡುಕುವವರು, ಇನ್ನೊಬ್ಬರು ಮುಚ್ಚಿಡುವವರು ಎಂಬಂತೆ ಚಿತ್ರಿಸುತ್ತಾರೆ. ದಾಖಲೆಗಳು ಹಾಗೆ ಹೇಳುವುದಿಲ್ಲ. ವ್ಯತ್ಯಾಸಗಳ ಪಟ್ಟಿ ಇಬ್ಬರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ. ಅದರ ದೊಡ್ಡ ಪಾಲನ್ನು ಮೊದಲು ಬರೆದಿಟ್ಟವರು ಕ್ರೈಸ್ತರೇ. ಜಗಳವಿದ್ದದ್ದು ಆ ಬರಹವನ್ನು ಯಾವ ಬಗೆಯದೆಂದು ಎಣಿಸಬೇಕು ಎಂಬಲ್ಲಿ: ಅದು ದೇವರ ನೇರ ನುಡಿಯೋ, ಕಂಡವರೂ ಕೇಳಿದವರೂ ಕೊಟ್ಟ ಸಾಕ್ಷ್ಯವೋ? ಸೋಜಿಗವೆಂದರೆ, ಸಾಕ್ಷ್ಯಗಳು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡಬೇಕೆಂಬ ವಿದ್ಯೆಯನ್ನು ಜಗತ್ತಿನಲ್ಲಿ ಅತ್ಯಂತ ಸೂಕ್ಷ್ಮವಾಗಿ ಬೆಳೆಸಿದವರಲ್ಲಿ ಮುಸ್ಲಿಮ್ ಪಂಡಿತರೇ ಮುಂದು. ಆ ವಿದ್ಯೆಯನ್ನು ಸುವಾರ್ತೆಗಳ ಮೇಲೆ ಪೂರ್ತಿಯಾಗಿ ಪ್ರಯೋಗಿಸಿದವರು ಮಾತ್ರ ವಿರಳ.

ಮೊದಲು ಪಟ್ಟಿಯ ವಿಷಯ. ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಲೂಕನಲ್ಲಿ ಹೇಲಿ. ಶಿಷ್ಯರನ್ನು ಪ್ರಚಾರಕ್ಕೆ ಕಳಿಸುವಾಗ ಯೇಸು ಕೋಲು ಹಿಡಿಯಲು ಮಾರ್ಕನಲ್ಲಿ ಒಪ್ಪುತ್ತಾನೆ, ಮತ್ತಾಯ ಮತ್ತು ಲೂಕರಲ್ಲಿ ಅದೂ ಬೇಡ. ಯೆರಿಕೋ ದಾರಿಯಲ್ಲಿ ದೃಷ್ಟಿ ಪಡೆದ ಕುರುಡರು ಒಬ್ಬರೋ ಇಬ್ಬರೋ? ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ್ದು ಯೋಹಾನನಲ್ಲಿ ಆರಂಭದಲ್ಲೇ, ಉಳಿದ ಮೂವರಲ್ಲಿ ಕೊನೆಯ ವಾರದಲ್ಲಿ. ಇವೆಲ್ಲಕ್ಕಿಂತ ತೂಕದ್ದು ಶಿಲುಬೆಯ ದಿನ. ಮೊದಲ ಮೂವರ ಪ್ರಕಾರ ಯೇಸು ಶಿಷ್ಯರೊಂದಿಗೆ ಯೆಹೂದ್ಯರ ಪಸ್ಕಹಬ್ಬದ ಊಟವನ್ನೇ ಮಾಡಿ ಮರುದಿನ ಸಾಯುತ್ತಾನೆ. ಯೋಹಾನನ ಪ್ರಕಾರ ಅವನ ವಿಚಾರಣೆಯಾದದ್ದು ಪಸ್ಕದ ಸಿದ್ಧತೆಯ ದಿನ, ಯಾಜಕರು ಇನ್ನೂ ಆ ಊಟ ಮಾಡಿರಲಿಲ್ಲ. ಗಳಿಗೆಯೂ ಕೂಡುವುದಿಲ್ಲ. ಮಾರ್ಕ ಮೂರನೆಯ ತಾಸಿಗೆ ಶಿಲುಬೆಗೇರಿಸುತ್ತಾನೆ. ಯೋಹಾನನಲ್ಲಿ ಆರನೆಯ ತಾಸಿನ ಸುಮಾರಿಗೂ ಯೇಸು ಪಿಲಾತನ ಮುಂದೆಯೇ ನಿಂತಿರುತ್ತಾನೆ. ಪದಗಳನ್ನು ಎಷ್ಟೇ ಬಗ್ಗಿಸಿದರೂ ಈ ದಿನದ ವ್ಯತ್ಯಾಸ ಸುಲಭಕ್ಕೆ ಕರಗುವಂಥದ್ದಲ್ಲ.

ಇವನ್ನು ಮೊದಲ ಕ್ರೈಸ್ತರು ಕಾಣದೆ ಇರಲಿಲ್ಲ. ಎರಡನೆಯ ಶತಮಾನದ ತತ್ವಜ್ಞಾನಿ ಸೆಲ್ಸಸ್, ಕ್ರೈಸ್ತರು ತಮ್ಮ ಸುವಾರ್ತೆಯನ್ನು ಮೂರು ಬಾರಿ, ನಾಲ್ಕು ಬಾರಿ, ಇನ್ನೂ ಹೆಚ್ಚು ಬಾರಿ ತಿದ್ದಿದ್ದಾರೆಂದು ಆಗಲೇ ಆಡಿಕೊಂಡಿದ್ದ. ಮುಂದೆ ಇಸ್ಲಾಮಿನಲ್ಲಿ ತಹ್ರೀಫ್, ಅಂದರೆ ಗ್ರಂಥದ ತಿರುಚುವಿಕೆ, ಎಂದು ಹೆಸರಾದ ಆರೋಪದ ಒಂದು ರೂಪ ಇಸ್ಲಾಮಿಗಿಂತ ನಾನೂರು ವರ್ಷ ಹಳೆಯದು. ಅದಕ್ಕೆ ಬಂದ ಉತ್ತರಗಳೂ ಒಂದೇ ಥರದವಲ್ಲ. ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ವಂಶಾವಳಿಯ ಗಂಟನ್ನು ಯೆಹೂದ್ಯರ ಒಂದು ಪದ್ಧತಿಯಿಂದ ಬಿಡಿಸಿದ: ಹೇಲಿ ಮಕ್ಕಳಿಲ್ಲದೆ ಸತ್ತ, ಒಡಹುಟ್ಟಿದ ಯಾಕೋಬ ಅವನ ವಿಧವೆಯನ್ನು ಮದುವೆಯಾದ, ಹುಟ್ಟಿದ ಯೋಸೇಫ ರಕ್ತದಿಂದ ಯಾಕೋಬನ ಮಗ, ಕಟ್ಟಳೆಯಿಂದ ಹೇಲಿಯ ಮಗ. ಈ ವಿವರಣೆಗೆ ಬೇರೆ ಪುರಾವೆ ಇಲ್ಲದಿದ್ದರೂ ಇದಕ್ಕಿಂತ ಉತ್ತಮವಾದದ್ದು ಸಿಕ್ಕಿಲ್ಲವೆಂದು ಅವನೇ ಹೇಳಿಕೊಳ್ಳುತ್ತಾನೆ. ಆ ಪ್ರಾಮಾಣಿಕತೆ ಅವನ ನಂತರದ ಎಷ್ಟೋ ಸಮರ್ಥಕರಲ್ಲಿ ಕಾಣುವುದಿಲ್ಲ. ಅಲೆಕ್ಸಾಂಡ್ರಿಯಾದ ಒರಿಜನ್ ಇನ್ನೂ ಮುಂದೆ ಹೋದ. ಯೋಹಾನನ ಸುವಾರ್ತೆಗೆ ಬರೆದ ವ್ಯಾಖ್ಯಾನದಲ್ಲಿ, ಅಕ್ಷರಶಃ ಓದಿದರೆ ಕೆಲವು ಕಡೆ ನಾಲ್ವರೂ ಹೊಂದುವುದಿಲ್ಲವೆಂದು ಒಪ್ಪಿ, ಸತ್ಯವನ್ನು ಆತ್ಮಿಕ ಅರ್ಥದಲ್ಲಿ ಹುಡುಕಬೇಕೆಂದ. ಸುಮಾರು 400ರಲ್ಲಿ ಅಗಸ್ಟೀನ್ ಸುವಾರ್ತಿಕರ ಒಮ್ಮತದ ಬಗ್ಗೆಯೇ ಒಂದು ಗ್ರಂಥ ಬರೆದು, ನಡೆದ ಕ್ರಮ ಬೇರೆ, ನೆನಪಿಗೆ ಬಂದ ಕ್ರಮ ಬೇರೆ ಎಂಬ ತತ್ವದಿಂದ ಹೆಚ್ಚಿನವನ್ನು ಹೊಂದಿಸಿದ.

ಆದರೆ ನನ್ನ ಕಣ್ಣಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಕಾಲದ ಜಾನ್ ಕ್ರಿಸೊಸ್ತೊಮ್ ಕೊಟ್ಟ ಉತ್ತರ. ನಾಲ್ವರೂ ಕಾಲ, ಸ್ಥಳ, ಮಾತು ಎಲ್ಲದರಲ್ಲೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಆಗಿ ಹೇಳಿದ್ದರೆ ಇವರು ಕೂಡಿ ಮಾತಾಡಿಕೊಂಡು ಬರೆದರೆಂದು ಶತ್ರುಗಳೇ ಹೇಳುತ್ತಿದ್ದರು, ಸಣ್ಣಪುಟ್ಟದರಲ್ಲಿ ತೋರುವ ಭಿನ್ನತೆಯೇ ಆ ಸಂಶಯವನ್ನು ಕಳೆಯುತ್ತದೆ ಎಂಬುದು ಅವನ ವಾದ. ಇದು ನ್ಯಾಯಾಲಯದ ತರ್ಕ. ಈ ತರ್ಕಕ್ಕೆ ಬರಬೇಕಾದರೆ ಸುವಾರ್ತೆಗಳು ಮೊದಲು ಸಾಕ್ಷ್ಯಗಳೆಂದು ಒಪ್ಪಿರಬೇಕು. ಸಾಕ್ಷ್ಯ ಹೇಳುವವನು ಮನುಷ್ಯ, ಅವನಿಗೆ ನಿಂತ ಜಾಗವೊಂದಿದೆ, ಮರೆವಿದೆ.

ಕುರ್‌ಆನ್ ಹೊರಡುವುದು ಬೇರೆ ಕಡೆಯಿಂದ. ಅಲ್ಲಿ ಇಂಜೀಲ್ ಎಂಬುದು ಏಕವಚನ, ಈಸಾಗೆ, ಅಂದರೆ ಯೇಸುವಿಗೆ, ದೇವರು ಕೊಟ್ಟದ್ದು. ಇನ್ನೊಬ್ಬರು ಬರೆದ ಯೇಸುಚರಿತ್ರೆಯಲ್ಲ. ಜೊತೆಗೆ ನಾಲ್ಕನೆಯ ಸೂರಾದ 82ನೆಯ ವಚನ ಒಂದು ಒರೆಗಲ್ಲನ್ನು ಮುಂದಿಡುತ್ತದೆ: ಕುರ್‌ಆನ್ ದೇವರಲ್ಲದೆ ಬೇರೆ ಯಾರಿಂದಲಾದರೂ ಬಂದಿದ್ದರೆ ಅದರಲ್ಲಿ ಹೇರಳ ಅಸಂಗತಿಗಳು ಕಾಣುತ್ತಿದ್ದವು ಎಂಬುದು ಅದರ ಆಶಯ. ತನ್ನ ಬಗ್ಗೆ ಹೇಳಿಕೊಂಡ ಈ ಮಾತನ್ನು ಇತರ ಗ್ರಂಥಗಳಿಗೂ ಅನ್ವಯಿಸಿದರೆ ಮುಂದಿನ ದಾರಿ ನೇರವಾಗಿದೆ. ಆದರೂ ಮೊದಲ ಶತಮಾನಗಳ ಮುಸ್ಲಿಮರೆಲ್ಲ ಆ ದಾರಿ ಹಿಡಿಯಲಿಲ್ಲ. ಕ್ರೈಸ್ತರು ಅಕ್ಷರವನ್ನು ತಿದ್ದಿಲ್ಲ, ಅರ್ಥವನ್ನು ತಿರುಚಿದ್ದಾರೆ ಎಂಬ ಮೃದು ನಿಲುವು ಬಹುಕಾಲ ಜೀವಂತವಾಗಿತ್ತು. ಒಂಬತ್ತನೆಯ ಶತಮಾನದ ಬಸ್ರಾದ ಜಾಹಿಜ್ ಎತ್ತಿದ ಪ್ರಶ್ನೆ ಹೆಚ್ಚು ಹರಿತ. ನಾಲ್ವರಲ್ಲಿ ಇಬ್ಬರು ಮಾತ್ರ ಶಿಷ್ಯರು, ಅದೂ ಕ್ರೈಸ್ತರದೇ ಮಾತಿನ ಪ್ರಕಾರ. ಇನ್ನಿಬ್ಬರು ಆಮೇಲೆ ಬಂದವರು. ಈ ನಾಲ್ವರು ಮರೆವಿಗೂ ತಪ್ಪಿಗೂ ಅತೀತರೆಂದು ಹೇಗೆ ನಂಬುವುದು? ಗಮನಿಸಿ, ಜಾಹಿಜ್ ಕೇಳುತ್ತಿರುವುದೂ ಸಾಕ್ಷಿಗಳ ಯೋಗ್ಯತೆಯನ್ನೇ. ಅವನೂ ಕ್ರಿಸೊಸ್ತೊಮನೂ ನಿಂತ ಕಟಕಟೆ ಒಂದೇ, ಒಬ್ಬ ಪಾಟೀಸವಾಲಿನ ಕಡೆ, ಇನ್ನೊಬ್ಬ ಸಮರ್ಥನೆಯ ಕಡೆ.

ಪಟ್ಟಿಯನ್ನು ನಿಜವಾದ ಆಯುಧ ಮಾಡಿದವನು ಕೊರ್ಡೊಬಾದ ಇಬ್ನ್ ಹಜ್ಮ್ (994–1064). ಮತಪಂಥಗಳನ್ನು ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಅವನು ಮತ್ತಾಯನ ವಂಶಾವಳಿಯಿಂದ ಹಿಡಿದು ಸುವಾರ್ತೆಗಳನ್ನು ಸಾಲುಸಾಲಾಗಿ ಜಾಲಾಡುತ್ತಾನೆ. ಪೇತ್ರ ಮತ್ತು ಅಂದ್ರೆಯರನ್ನು ಯೇಸು ಕರೆದದ್ದು ಸ್ನಾನಿಕನಾದ ಯೋಹಾನ ಸೆರೆಯಾಗುವ ಮುಂಚೆಯೋ ಆಮೇಲೆಯೋ? ಮತ್ತಾಯನ 16ನೆಯ ಅಧ್ಯಾಯ ಒಂದರಲ್ಲೇ ಪೇತ್ರನಿಗೆ ಸ್ವರ್ಗದ ಬೀಗದಕೈ ಕೊಟ್ಟು, ಮರುಗಳಿಗೆಗೆ ಸೈತಾನನೆಂದು ಗದರುವುದು ಹೇಗೆ? ಅವನ ಬರಹದಲ್ಲಿ ವ್ಯಂಗ್ಯವೂ ಕಟುಮಾತೂ ಧಾರಾಳ. ಆದರೆ ಅವನು ಸುಮ್ಮನೆ ಬೈಯುವವನಲ್ಲ, ಓದಿಕೊಂಡು ಬೈಯುವವನು. ಅವನು ಜಾಹಿರಿ ಪಂಥದವನೆಂಬುದನ್ನು ಇಲ್ಲಿ ಮರೆಯಬಾರದು. ಶಾಸ್ತ್ರದ ಮಾತನ್ನು ಮೇಲ್ನೋಟದ ಅರ್ಥದಲ್ಲೇ ಹಿಡಿಯಬೇಕು, ಸಾದೃಶ್ಯದ ಅನುಮಾನ ಸಲ್ಲದು ಎಂಬುದು ಆ ಪಂಥದ ಜೀವಾಳ. ಒರಿಜನನ ಆತ್ಮಿಕ ಅರ್ಥಕ್ಕೆ ಅವನ ಜಗತ್ತಿನಲ್ಲಿ ಜಾಗವೇ ಇರಲಿಲ್ಲ. ಸುವಾರ್ತೆಯ ಪಾಡು ಹಾಗಿರಲಿ, ಸ್ವಂತ ಧರ್ಮದ ಇತರ ಪಂಥಗಳ ಪಂಡಿತರನ್ನೂ ಅವನು ಅಷ್ಟೇ ನಿರ್ದಯೆಯಿಂದ ಝಾಡಿಸಿದ್ದಾನೆ.

ಇಲ್ಲಿ ಹದೀಸಿನ ಕಡೆ ತಿರುಗಿ ನೋಡಬೇಕು. ಪ್ರವಾದಿಯ ಮಾತು ಮತ್ತು ನಡೆಗಳ ವರದಿಗಳು ಹಲವು ಬಾಯಿಗಳಿಂದ ಬಂದವು, ಹಲವು ಕಡೆ ಒಂದಕ್ಕೊಂದು ಹೊಂದಲಿಲ್ಲ. ಪ್ರವಾದಿ ಮೈಮೂನಾರನ್ನು ಮದುವೆಯಾದಾಗ ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ವ್ರತಸ್ಥಿತಿಯಲ್ಲಿ, ಇದ್ದರೆಂದು ಇಬ್ನ್ ಅಬ್ಬಾಸರ ವರದಿ. ಇರಲಿಲ್ಲವೆಂದು ಸ್ವತಃ ಮೈಮೂನಾರ ಮಾತಾಗಿ ಬಂದ ವರದಿ. ಎರಡೂ ಅತ್ಯಂತ ಮಾನ್ಯ ಸಂಗ್ರಹಗಳಲ್ಲಿವೆ. ಇಹ್ರಾಮಿನಲ್ಲಿ ಮದುವೆ ಸಲ್ಲುತ್ತದೆಯೇ ಎಂಬ ಕಾನೂನಿನ ಪ್ರಶ್ನೆ ಇದರ ಮೇಲೆ ನಿಂತಿದ್ದರಿಂದ ಇದು ಬರೀ ವಿವರದ ಮಾತಲ್ಲ. ಹನಫಿ ಪಂಥದವರು ಇಬ್ನ್ ಅಬ್ಬಾಸರ ಮಾತನ್ನು ಹಿಡಿದರು, ಬಹುಪಾಲು ಇತರರು ಮದುವೆಯಾದವರ ಮಾತಿಗೇ ಹೆಚ್ಚು ಬೆಲೆ ಕೊಟ್ಟರು. ಆ ಮದುವೆಯೇ ನಡೆಯಲಿಲ್ಲ ಎಂದು ಯಾರೂ ತೀರ್ಮಾನಿಸಲಿಲ್ಲ. 820ರಲ್ಲಿ ತೀರಿಕೊಂಡ ಇಮಾಮ್ ಶಾಫಿಈ ಹದೀಸುಗಳ ಭಿನ್ನತೆಯ ಮೇಲೆಯೇ ಒಂದು ಕೃತಿ ರಚಿಸಿದರು. ಅದೇ ಶತಮಾನದಲ್ಲಿ ಇಬ್ನ್ ಕುತೈಬಾ, ಹದೀಸುಗಳು ಪರಸ್ಪರ ವಿರೋಧಿಸುತ್ತವೆಂದು ಗೇಲಿ ಮಾಡುತ್ತಿದ್ದ ತರ್ಕಪಂಡಿತರಿಗೆ ಉತ್ತರವಾಗಿ ಇನ್ನೊಂದನ್ನು ಬರೆದ. ಮೊದಲು ಹೊಂದಿಸು, ಆಗದಿದ್ದರೆ ಯಾವುದು ಹಿಂದಿನದು ಯಾವುದು ಮುಂದಿನದು ನೋಡು, ಅದೂ ಆಗದಿದ್ದರೆ ಯಾವ ಸಾಕ್ಷಿ ಬಲವೋ ಅದನ್ನು ಆರಿಸು: ಈ ಮೆಟ್ಟಿಲುಗಳನ್ನು ಓದುವಾಗ ಅಗಸ್ಟೀನನ ಗ್ರಂಥದ ಅಣ್ಣತಮ್ಮಂದಿರನ್ನು ಕಂಡಂತಾಗುತ್ತದೆ.

ಹಾಗಾದರೆ ಸುವಾರ್ತೆಗಳನ್ನು ಹದೀಸಿನಂತೆ ಓದಬಹುದಿತ್ತಲ್ಲ? ಈ ಮಾತನ್ನು ಸ್ಪಷ್ಟವಾಗಿ ಆಡಿದವನು, ಯಾರೂ ಊಹಿಸದ ವ್ಯಕ್ತಿ, 1328ರಲ್ಲಿ ತೀರಿಕೊಂಡ ದಮಾಸ್ಕಸ್ಸಿನ ಇಬ್ನ್ ತೈಮಿಯಾ. ಕ್ರೈಸ್ತರಿಗೆ ಉತ್ತರವಾಗಿ ಬರೆದ ದೀರ್ಘ ಗ್ರಂಥದಲ್ಲಿ ಅವನು ಸುವಾರ್ತೆಗಳನ್ನು ಪ್ರವಾದಿಯ ಚರಿತ್ರೆ ಮತ್ತು ಹದೀಸಿನ ವರದಿಗಳಿಗೆ ಹೋಲಿಸುತ್ತಾನೆ. ಬಹುಪಾಲು ಸರಿಯಿದ್ದರೂ ತಪ್ಪು ನುಸುಳಲು ಅವಕಾಶವಿರುವ ಬರಹಗಳವು. ಅವನ ಉದ್ದೇಶ ಹೊಗಳಿಕೆಯಲ್ಲ, ಸುವಾರ್ತೆಗಳನ್ನು ಕುರ್‌ಆನಿನ ಸಾಲಿನಿಂದ ಕೆಳಗಿಳಿಸುವುದು. ಆದರೆ ಇಳಿಸಿ ಇಟ್ಟ ಜಾಗವೇನು ಅವಮಾನದ್ದಲ್ಲ. ಅದು ಮುಸ್ಲಿಮರು ತಮ್ಮ ಪ್ರವಾದಿಯ ನೆನಪನ್ನೇ ಇಟ್ಟಿರುವ ಜಾಗ.

ಇದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ಗಟ್ಟಿಯಾದವೇ. ಹದೀಸಿಗೆ ಇಸ್ನಾದ್ ಇದೆ, ಯಾರಿಂದ ಯಾರಿಗೆ ಎಂಬ ಹೆಸರಿನ ಸರಪಳಿ ಇದೆ, ಸುವಾರ್ತೆಗಳಿಗೆ ಅದಿಲ್ಲ ಎಂಬುದು ಮೊದಲನೆಯದು. ನಿಜ. ಮತ್ತಾಯನ ಸುವಾರ್ತೆಯ ಒಳಗೆ ಅದನ್ನು ಬರೆದವನು ತನ್ನ ಹೆಸರು ಹೇಳುವುದಿಲ್ಲ. ಮಾರ್ಕ ಪೇತ್ರನ ಮಾತುಗಳನ್ನು ಬರೆದನೆಂಬುದೂ ಎರಡನೆಯ ಶತಮಾನದ ಸಂಪ್ರದಾಯದಿಂದ ಬಂದ ಮಾಹಿತಿ. ಹದೀಸ್ ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಅಳೆದರೆ ಸರಪಳಿ ತುಂಡಾಗಿದೆ. ಆದರೆ ಇದು ಸರಪಳಿಯ ಬಗೆಗಿನ ಆಕ್ಷೇಪ, ವಿರೋಧಾಭಾಸದ ಬಗೆಗಿನದಲ್ಲ. ಇವೆರಡನ್ನೂ ಕಲಸಿದ್ದರಿಂದಲೇ ವಾದ ಇಷ್ಟು ಶತಮಾನ ಗೊಂದಲದಲ್ಲಿ ಉಳಿಯಿತು. ಮುಸ್ಲಿಮರು ಸುವಾರ್ತೆಗಳನ್ನು ಒಪ್ಪದಿರುವುದಕ್ಕೆ ನಿಜವಾದ ಕಾರಣ ಶಿಲುಬೆ ಮತ್ತು ದೇವಪುತ್ರತ್ವ, ವಿರೋಧಾಭಾಸ ಬರೀ ನೆಪ ಎಂಬುದು ಎರಡನೆಯ ಆಕ್ಷೇಪ, ಸಾಮಾನ್ಯವಾಗಿ ಕ್ರೈಸ್ತರ ಕಡೆಯದು. ಇದರಲ್ಲೂ ಹುರುಳಿದೆ. ಯೇಸುವನ್ನು ಅವರು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ ಎಂದು ನಾಲ್ಕನೆಯ ಸೂರಾದ 157ನೆಯ ವಚನ ಹೇಳುತ್ತದೆ. ನಾಲ್ಕು ಸುವಾರ್ತೆಗಳು ದಿನದಲ್ಲಿ, ಗಳಿಗೆಯಲ್ಲಿ, ಶಿಲುಬೆಯ ಮೇಲಿನ ಬರಹದಲ್ಲಿ ಬೇರೆಯಾದರೂ ಶಿಲುಬೆಯಲ್ಲಿ ಬೇರೆಯಾಗುವುದಿಲ್ಲ. ಭಿನ್ನತೆಯಿಂದ ಸಾಕ್ಷ್ಯ ದುರ್ಬಲವಾಗುವುದಾದರೆ ಒಮ್ಮತದಿಂದ ಬಲವಾಗಲೇಬೇಕು. ಈ ತರ್ಕವನ್ನು ಅರ್ಧಕ್ಕೇ ನಿಲ್ಲಿಸಿದ ಬರಹಗಳು ಬಹಳ. ಆದರೂ ‘ನೆಪ’ ಎಂಬ ಮಾತು ಅನ್ಯಾಯದ್ದು. ಇಬ್ನ್ ಹಜ್ಮ್‌ನಂಥವರಿಗೆ ಅಸಂಗತಿ ಎಂಬುದು ದೇವರ ಮಾತಿನ ಬಗೆಗಿನ ಗಂಭೀರ ಪ್ರಶ್ನೆ. ಅದಿಲ್ಲದಿದ್ದರೆ ಅಷ್ಟು ಪುಟ ಓದುವ ಕಷ್ಟ ಅವನು ಪಡಬೇಕಾಗಿರಲಿಲ್ಲ.

ಎರಡೂ ಕಡೆಯವರು ತಮ್ಮ ತಮ್ಮ ಗೆರೆಯೊಳಗೇ ಇದ್ದರು ಎಂದುಕೊಳ್ಳುವವರಿಗೆ ಹದಿನೈದನೆಯ ಶತಮಾನದ ಕೈರೋದಲ್ಲೊಂದು ಅಚ್ಚರಿ ಕಾದಿದೆ. ಕುರ್‌ಆನ್ ವ್ಯಾಖ್ಯಾನಕಾರ ಬಿಕಾಈ (1406–1480) ತನ್ನ ಬೃಹತ್ ವ್ಯಾಖ್ಯಾನದಲ್ಲಿ ಯೇಸುವಿನ ಪ್ರಸಂಗ ಬಂದಾಗ ಬೈಬಲನ್ನೇ ಉದ್ದುದ್ದವಾಗಿ ಉದ್ಧರಿಸಿದ. ಅಷ್ಟೇ ಅಲ್ಲ, ನಾಲ್ಕು ಸುವಾರ್ತೆಗಳ ಭಾಗಗಳನ್ನು ಜೋಡಿಸಿ ಒಂದು ಸುಸಂಗತ ಕಥನವಾಗಿ ಹೆಣೆದ. ಕ್ರೈಸ್ತ ಬಿಷಪ್ಪರು ಬಳಕೆಯಿಂದ ತೆಗೆಸಿದ ಕೆಲಸವನ್ನು ಒಬ್ಬ ಮುಸ್ಲಿಮ್ ವ್ಯಾಖ್ಯಾನಕಾರ ತನ್ನ ಧರ್ಮಗ್ರಂಥವನ್ನು ಬೆಳಗಿಸಲೆಂದು ಮತ್ತೆ ಮಾಡಿದ್ದ. ಇದು ಸಲ್ಲದೆಂದು ಸಮಕಾಲೀನರು ಗದ್ದಲವೆಬ್ಬಿಸಿದಾಗ ಪ್ರಾಚೀನ ಗ್ರಂಥಗಳಿಂದ ಉದ್ಧರಿಸುವುದು ಏಕೆ ಸರಿ ಎಂದು ಪ್ರತ್ಯೇಕ ಕೃತಿಯನ್ನೇ ಬರೆದ. ವ್ಯತ್ಯಾಸ ಕಂಡೊಡನೆ ಖಂಡನೆಗೆ ಇಳಿಯುವುದು ಮುಸ್ಲಿಮ್ ಓದುಗನಿಗೆ ಅನಿವಾರ್ಯವೇನೂ ಆಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಯುರೋಪಿನಲ್ಲಿ ಈ ನಡುವೆ ಪಟ್ಟಿಯ ಗತಿ ಬದಲಾಗುತ್ತಿತ್ತು. ಪ್ರೊಟೆಸ್ಟೆಂಟ್ ಸುಧಾರಣೆ ಚರ್ಚಿನ ಅಧಿಕಾರವನ್ನು ಕಿತ್ತು ಬರಹದ ಮೇಲೆ ಇಟ್ಟದ್ದರಿಂದ ಬರಹ ಮೊದಲಿಗಿಂತ ನಿರ್ದೋಷವಾಗಬೇಕಾಯಿತು. 1537ರಲ್ಲಿ ಜರ್ಮನಿಯ ಒಸಿಯಾಂಡರ್ ಮಾಡಿದ ಹೊಂದಾಣಿಕೆಯಲ್ಲಿ, ಎರಡು ವರದಿಗಳು ಕೂಡದಿದ್ದರೆ ಘಟನೆಯೇ ಎರಡು ಬಾರಿ ನಡೆಯಿತು ಎಂಬ ನಿಯಮ. ಸಿದ್ಧಾಂತವನ್ನು ಉಳಿಸಲು ಚರಿತ್ರೆಯನ್ನೇ ನಕಲು ತೆಗೆದಂತಾಯಿತು. 1707ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳಲ್ಲಿ ಸುಮಾರು 30,000 ಪಾಠಭೇದಗಳನ್ನು ತೋರಿಸಿದ. 1770ರ ದಶಕದಲ್ಲಿ ಗ್ರೀಸ್‌ಬಾಖ್ ಮೊದಲ ಮೂರು ಸುವಾರ್ತೆಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಮುದ್ರಿಸಿದ, ಹೊಂದಿಸಲಿಕ್ಕಲ್ಲ, ಹೋಲಿಸಲಿಕ್ಕೆ. ಅದೇ ದಶಕದಲ್ಲಿ ಲೆಸ್ಸಿಂಗ್ ಪ್ರಕಟಿಸಿದ ರೈಮಾರಸ್‌ನ ಬರಹಗಳು ಪುನರುತ್ಥಾನದ ವರದಿಗಳಲ್ಲಿರುವ ಅಸಂಗತಿಗಳನ್ನು ಬಿಚ್ಚಿಟ್ಟವು. ಲೆಸ್ಸಿಂಗನ ನಿಲುವು ಮಾತ್ರ ಎರಡೂ ಕಡೆಯವರನ್ನು ರೇಗಿಸಿತು. ಅಸಂಗತಿಗಳು ಇರುವುದು ನಿಜ, ಆದರೆ ರೋಮಿನ ಚರಿತ್ರೆಕಾರರು ವಿವರಗಳಲ್ಲಿ ಬೇರೆಯಾದಾಗ ಘಟನೆಯನ್ನೇ ಅಲ್ಲಗಳೆಯುವುದಿಲ್ಲವಲ್ಲ, ಸುವಾರ್ತಿಕರಿಗೆ ಮಾತ್ರ ಬೇರೆ ನಿಯಮವೇಕೆ ಎಂದು ಕೇಳಿದ ಅವನು.

ಮುಸ್ಲಿಮರ ಖಂಡನೆ, ಯುರೋಪಿನ ವಿಮರ್ಶೆ, ಈ ಎರಡು ಹೊಳೆಗಳು ಕೂಡಿದ್ದು ಆಗ್ರಾದಲ್ಲಿ. 1834ರಲ್ಲಿ ಹೆಬಿಕ್ ಮತ್ತು ಜೊತೆಗಾರರನ್ನು ಮಂಗಳೂರಿಗೆ ಕಳಿಸಿದ, ಮುಂದೆ ಕಿಟ್ಟೆಲ್‌ರನ್ನೂ ನಮಗೆ ಕೊಟ್ಟ ಬಾಸೆಲ್ ಮಿಷನ್ನಿನಲ್ಲೇ ತರಬೇತಾದವನು ಕಾರ್ಲ್ ಗಾಟ್‌ಲೀಬ್ ಫಾಂಡರ್. ಅವನನ್ನು ಮಿಷನ್ ಕಳಿಸಿದ್ದು ಕಾಕಸಸ್ ಸೀಮೆಯ ಶುಶಾ ಪಟ್ಟಣಕ್ಕೆ. ರಷ್ಯಾ ಸರಕಾರ 1835ರಲ್ಲಿ ಆ ಕೇಂದ್ರವನ್ನು ಮುಚ್ಚಿಸಿದ ಮೇಲೆ ಭಾರತಕ್ಕೆ ಬಂದು ಇಂಗ್ಲಿಷರ ಚರ್ಚ್ ಮಿಷನರಿ ಸೊಸೈಟಿ ಸೇರಿದ. ಅವನ ‘ಮೀಜಾನುಲ್ ಹಕ್’, ಅಂದರೆ ಸತ್ಯದ ತಕ್ಕಡಿ, ಪರ್ಷಿಯನ್ ಮತ್ತು ಉರ್ದುವಿನಲ್ಲಿ ಉತ್ತರ ಭಾರತದ ಮೌಲ್ವಿಗಳ ನಡುವೆ ಓಡಾಡುತ್ತಿತ್ತು. ಬೈಬಲ್ ಎಂದೂ ಕೆಟ್ಟಿಲ್ಲ, ಪ್ರವಾದಿಗಿಂತ ಹಿಂದಿನ ಹಸ್ತಪ್ರತಿಗಳೇ ಅದಕ್ಕೆ ಸಾಕ್ಷಿ ಎಂಬುದು ಅದರ ಬೆನ್ನೆಲುಬು. ಎದುರಿಗೆ ನಿಂತವರು ಕೈರಾನಾದ ಮೌಲಾನಾ ರಹಮತುಲ್ಲಾ, ಮತ್ತು ಆಗ್ರಾದ ಸರಕಾರಿ ಆಸ್ಪತ್ರೆಯ ವೈದ್ಯ ವಜೀರ್ ಖಾನ್. ಇಂಗ್ಲಿಷ್ ಬಲ್ಲ ವಜೀರ್ ಖಾನ್ ಬೈಬಲ್ ವಿಮರ್ಶೆಯ ಯುರೋಪಿಯನ್ ಗ್ರಂಥಗಳನ್ನು ಸಂಗ್ರಹಿಸಿ ಓದಿದ್ದ.

1854ರ ಏಪ್ರಿಲ್ 10 ಮತ್ತು 11ರಂದು, ಅಧಿಕಾರಿಗಳು, ಮೌಲ್ವಿಗಳು, ಊರ ಗಣ್ಯರು ಸೇರಿ ನೂರಾರು ಜನರೆದುರು ವಾದ ನಡೆಯಿತು. ಐದು ವಿಷಯಗಳೆಂದು ಒಪ್ಪಂದವಾಗಿದ್ದರೂ ಹಿಂದಿನ ಗ್ರಂಥಗಳ ರದ್ದತಿ ಮತ್ತು ತಹ್ರೀಫ್ ಈ ಎರಡನ್ನು ದಾಟಲಿಲ್ಲ. ಎರಡನೆಯದರಲ್ಲಿ ಫಾಂಡರ್ ಕೆಲವು ಕಡೆ ಪಾಠ ಕೆಟ್ಟಿದೆಯೆಂದು ಒಪ್ಪಬೇಕಾಯಿತು. ಯೋಹಾನನ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ತ್ರಿಯೇಕತ್ವವನ್ನು ಸಾರುವ ವಚನ ನಂತರದ ಸೇರ್ಪಡೆಯೆಂದು ಯುರೋಪಿನ ವಿದ್ವಾಂಸರೇ ತೀರ್ಮಾನಿಸಿಯಾಗಿತ್ತು. ಲಿಪಿಕಾರರ ತಪ್ಪುಗಳು ಸಿದ್ಧಾಂತದ ತಿರುಳನ್ನು ಮುಟ್ಟಿಲ್ಲ ಎಂದು ಫಾಂಡರ್ ಪಟ್ಟುಹಿಡಿದ. ಒಂದು ಕಡೆ ಕೆಟ್ಟ ಪ್ರತಿಯನ್ನು ಇನ್ನೊಂದು ಕಡೆ ಹೇಗೆ ನಂಬುವುದು ಎಂಬುದು ಎದುರುವಾದ. ಇಬ್ಬರೂ ತಾವೇ ಗೆದ್ದೆವೆಂದು ಅಚ್ಚುಹಾಕಿಸಿಕೊಂಡರು. ನನ್ನ ತೀರ್ಪು ಹೇಳುವುದಾದರೆ, ಆ ದಿನ ಫಾಂಡರ್ ಸೋತದ್ದು ರಹಮತುಲ್ಲಾರ ಕೈಯಲ್ಲಿ ಅಲ್ಲ, ತನ್ನದೇ ತಕ್ಕಡಿಯ ಕೈಯಲ್ಲಿ. ಗ್ರಂಥ ಅಕ್ಷರಕ್ಷರ ಅಖಂಡವೆಂಬ ಅಳತೆಯನ್ನು ಮುಂದಿಟ್ಟವನು ಅವನು. ಕ್ರಿಸೊಸ್ತೊಮನ ಸಾಕ್ಷ್ಯವಾದವನ್ನು ಹಿಡಿದಿದ್ದರೆ ಕೆಲವು ಪಾಠಭೇದಗಳಿಂದ ಅವನು ತತ್ತರಿಸುತ್ತಿರಲಿಲ್ಲ. ಆದರೆ ಹಾಗೆ ಹಿಡಿದರೆ ಸುವಾರ್ತೆ ಹದೀಸಿನ ಬಗೆಯದು ಎಂದು ಇಬ್ನ್ ತೈಮಿಯಾಗೆ ಒಪ್ಪಿಕೊಟ್ಟಂತಾಗುತ್ತಿತ್ತು. ಮಿಷನರಿಗೆ ಅದು ಬೇಡವಾಗಿತ್ತು.

ರಹಮತುಲ್ಲಾ 1857ರ ಬಂಡಾಯದ ನಂತರ ದೇಶ ಬಿಟ್ಟು ಮಕ್ಕಾ ಸೇರಿದರು. ಸುಲ್ತಾನ್ ಅಬ್ದುಲ್ ಅಜೀಜನ ಕರೆಯ ಮೇಲೆ ಇಸ್ತಾಂಬುಲಿಗೆ ಹೋಗಿ 1864ರಲ್ಲಿ ಅರಬ್ಬಿಯಲ್ಲಿ ‘ಇಜ್‌ಹಾರುಲ್ ಹಕ್’ ಬರೆದರು. ಬೈಬಲಿನಾದ್ಯಂತ ನೂರಕ್ಕೂ ಹೆಚ್ಚು ಅಸಂಗತಿಗಳನ್ನು ಪೋಣಿಸಿದ ಆ ಗ್ರಂಥದ ಆಧಾರಗಳಲ್ಲಿ ಇಬ್ನ್ ಹಜ್ಮ್‌ನಿಗಿಂತ ಹಾರ್ನ್, ಲಾರ್ಡ್‌ನರ್ ಮುಂತಾದ ಕ್ರೈಸ್ತ ವಿದ್ವಾಂಸರ ಹೆಸರುಗಳೇ ಎದ್ದು ಕಾಣುತ್ತವೆ. ಇವರಲ್ಲಿ ಹಾರ್ನ್‌ನಂಥವರು ಬರೆದದ್ದು ಬೈಬಲನ್ನು ಸಮರ್ಥಿಸಲು. ಉತ್ತರ ಕೊಡುವ ಮೊದಲು ಆಕ್ಷೇಪವನ್ನು ಪೂರ್ತಿ ಬರೆಯುವುದು ಅವರ ಪದ್ಧತಿ. ಆಕ್ಷೇಪಗಳು ಮಕ್ಕಾದವರೆಗೆ ಪಯಣಿಸಿದವು, ಉತ್ತರಗಳು ಹಿಂದೆಯೇ ಉಳಿದವು. ಇಪ್ಪತ್ತನೆಯ ಶತಮಾನದಲ್ಲಿ ಸೂರತ್ ಮೂಲದ ಅಹ್ಮದ್ ದೀದಾತ್ ದಕ್ಷಿಣ ಆಫ್ರಿಕದಲ್ಲಿ ಇದೇ ಗ್ರಂಥವನ್ನು ಓದಿ ತಮ್ಮ ಸಾರ್ವಜನಿಕ ವಾದಗಳ ಬಂಡವಾಳ ಮಾಡಿಕೊಂಡರು. ಕ್ರೈಸ್ತ ಪ್ರತಿವಾದಿಗಳು ಕುರ್‌ಆನಿನ ಭಿನ್ನ ಪಾರಾಯಣಪಾಠಗಳನ್ನು, ಅಂದರೆ ಕಿರಾಅತ್‌ಗಳನ್ನು, ಎತ್ತಿ ಅದೇ ಆಟವಾಡಿದರು. ಆ ಪಾಠಗಳ ಬಗ್ಗೆ ಹತ್ತನೆಯ ಶತಮಾನದ ಇಬ್ನ್ ಮುಜಾಹಿದ್‌ನಿಂದ ಹಿಡಿದು ಮುಸ್ಲಿಮ್ ಪಂಡಿತರೇ ಬರೆದಿಟ್ಟ ವಿವರಣೆಗಳನ್ನು ಇವರೂ ಹಿಂದೆಯೇ ಬಿಟ್ಟುಬಂದರು.

ಆಗ್ರಾದ ದಾರಿಯೊಂದೇ ಇರಲಿಲ್ಲ. 1862ರಲ್ಲಿ, ‘ಇಜ್‌ಹಾರ್’ ಬರುವ ಎರಡು ವರ್ಷ ಮೊದಲು, ಗಾಜಿಪುರದಲ್ಲಿದ್ದ ಸಯ್ಯದ್ ಅಹ್ಮದ್ ಖಾನ್ ಬೈಬಲಿಗೆ ಒಂದು ವ್ಯಾಖ್ಯಾನವನ್ನು ಉರ್ದು ಮತ್ತು ಇಂಗ್ಲಿಷಿನಲ್ಲಿ ಪ್ರಕಟಿಸತೊಡಗಿದರು. ತಹ್ರೀಫ್ ಎಂದರೆ ಮುಖ್ಯವಾಗಿ ಅರ್ಥದ ತಿರುಚುವಿಕೆ, ಅಕ್ಷರದ ಕಳ್ಳತನವಲ್ಲ ಎಂದು ಹಳೆಯ ಮುಸ್ಲಿಮ್ ಆಧಾರಗಳಿಂದಲೇ ವಾದಿಸಿ, ಪಾಠಭೇದಗಳನ್ನು ಗ್ರಂಥದ ಚರಿತ್ರೆಯ ಭಾಗವೆಂದು ಸಮಾಧಾನದಿಂದ ನೋಡಿದರು. ಮುಸ್ಲಿಮರಿಗೆ ಅದು ಹೆಚ್ಚು ಬಿಟ್ಟುಕೊಟ್ಟಂತೆ ಕಂಡಿತು. ಮಿಷನರಿಗಳಿಗೆ ಸಾಲದಾಯಿತು, ಯೇಸು ಅದರಲ್ಲಿ ಪ್ರವಾದಿಯಾಗಿಯೇ ಉಳಿದಿದ್ದ. ವ್ಯಾಖ್ಯಾನ ಆದಿಕಾಂಡದ ಹನ್ನೊಂದು ಅಧ್ಯಾಯ ಮತ್ತು ಮತ್ತಾಯನ ಐದು ಅಧ್ಯಾಯಗಳನ್ನು ಮುಗಿಸಿ ನಿಂತುಹೋಯಿತು.